ಅಕ್ಟೋಬರ್‌ವರೆಗೆ

ಜನರಲ್ ಸಹಿ ಹಾಕಿ ಕಾಗದವನ್ನು ಎಡಕ್ಕೆ ತಳ್ಳಿದ. ಬಲಗಡೆಯಿಂದ ಇನ್ನೊಂದನ್ನು ಎಳೆದುಕೊಂಡ. ಮೂರು ಮಡಿಕೆಯ ಕಾಗದ. ಅದರ ಬೆನ್ನ ಮೇಲೆ ಕ್ಯಾಪ್ಟನ್ ಪ್ರೌಟಿಯ ಗುಂಡನೆಯ ಅಕ್ಷರದಲ್ಲಿ ಒಳಗಿನ ವಿಷಯ ಒಂದು ಸಾಲು, ಕೆಳಗೆ ಉತ್ತರ, ಅದರ ಕೆಳಗೆ ಜನರಲ್ ಎಲಿಹು ಟಾಲ್ಮನ್‌ನ ಸಹಿಗೆ ಬೆರಳಗಲ ಜಾಗ. ಬಿಚ್ಚಿ ಓದುವುದು ಜನರಲ್ ಆದವನ ಕೆಲಸವಲ್ಲ. ಕಾಗದಗಳು ಬೆನ್ನು ತೋರಿಸಿಕೊಂಡೇ ಬರುತ್ತಿದ್ದವು, ಬೆನ್ನು ತೋರಿಸಿಕೊಂಡೇ ಹೋಗುತ್ತಿದ್ದವು.

ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರು ಶರಣಾಗಿ ಐದು ವಾರವಾಗಿತ್ತು. ಗುಂಡಿನ ಸದ್ದು ನಿಂತ ದಿನದಿಂದ ಟೆನೆಸಿ ನದಿಯ ದಡದ ಈ ಊರಿಗೆ ಕಾಗದ ಸುರಿಯತೊಡಗಿತ್ತು. ಮುಚ್ಚಳಿಕೆ ಬರೆದುಕೊಟ್ಟ ಬಂಡುಕೋರರು, ಸೈನ್ಯ ಸುಟ್ಟ ಬೇಲಿಗೆ ಪರಿಹಾರ ಕೇಳುವ ರೈತರು, ಹೇಸರಗತ್ತೆ ಕೊಳ್ಳುವವರು. ಎಲ್ಲರಿಗಿಂತ ಹೆಚ್ಚಾಗಿ ತಾಯಂದಿರು. ಮಗನ ದೇಹವನ್ನು ಅಗೆದು ತೆಗೆಸಿ ಊರಿಗೆ ಕಳಿಸಿ ಎಂದು ಅವರು ಬರೆಯುತ್ತಿದ್ದರು. ಅವರೆಲ್ಲರಿಗೂ ಉತ್ತರ ಒಂದೇ. ಬೇಸಿಗೆಯಲ್ಲಿ ರೋಗ ಹರಡುವ ಭಯವಿರುವುದರಿಂದ ಅಕ್ಟೋಬರ್ ಒಂದರವರೆಗೆ ಗೋರಿ ತೆರೆಯುವಂತಿಲ್ಲ. ಅರ್ಜಿ ತಿರಸ್ಕರಿಸಿ ಗೌರವಪೂರ್ವಕವಾಗಿ ಹಿಂದಿರುಗಿಸಿದೆ. ಆ ಆಜ್ಞೆ ಅವನದೇ. ಡಾಕ್ಟರುಗಳೂ ಒಪ್ಪಿದ್ದ ಒಳ್ಳೆಯ ಆಜ್ಞೆ.

ಕ್ಯಾಪ್ಟನ್ ಪ್ರೌಟಿ ಸಹಿಯಾದ ಕಾಗದಗಳನ್ನು ಎತ್ತಿಕೊಂಡ. ಹೋಗಲಿಲ್ಲ.

"ಏನು?"

"ಏನಿಲ್ಲ ಸರ್. ಆಫೀಸ್ನೋರೆಲ್ಲ ಬೆಳಗ್ಗೆಯಿಂದ ತಮ್ಮ ಮಾತೇ ಆಡ್ತಿದಾರೆ."

"ಮಾಡೋಕೆ ಬೇರೆ ಕೆಲಸ ಇಲ್ವಾ?"

"ಹಾಗಲ್ಲ ಸರ್. ಬೇರೆ ಯಾರಾದ್ರೂ ಆಗಿದ್ರೆ ಗುಟ್ಟಾಗಿ ನಾಕು ಜನಾನ ಗುಡ್ಡದ ಗೋರಿಗಳ ಹತ್ರ ಕಳಿಸಿ ಮಗನ ದೇಹ ತೆಗೆಸಿಬಿಡ್ತಿದ್ರು. ತಾವು ಸ್ವಂತ ಮನೆಯೋರ ಅರ್ಜಿಗೂ ಅದೇ ನಿಯಮ ಅಂದ್ರಿ. ಸಿಪಾಯಿಗಳು ಇದನ್ನ ಮರೆಯಲ್ಲ."

ಜನರಲ್ ಲೇಖನಿಯನ್ನು ಮೆಲ್ಲಗೆ ಕೆಳಗಿಟ್ಟ.

"ನೋಂದಣಿ ಪುಸ್ತಕ ಕೊಡು."

ಆರುನೂರ ಹನ್ನೆರಡನೆಯ ನಮೂದು. ಶ್ರೀಮತಿ ಎಲ್. ಟಾಲ್ಮನ್, ಒಹಾಯೋ. ಮಗ, ಸಿಪಾಯಿ ನೇಥನ್‌ನ ದೇಹ ಕೋರಿ. ತಿರಸ್ಕೃತ. ಇವತ್ತಿನದೇ ತಾರೀಖು. ಬೆಳಗ್ಗೆ ಕಾಫಿ ಆರುವ ಮೊದಲು ಮೂವತ್ತು ಸಹಿ ಮುಗಿಸಿ ತನ್ನ ಚುರುಕನ್ನು ತಾನೇ ಮೆಚ್ಚಿಕೊಂಡಿದ್ದ. ಆ ಮೂವತ್ತರಲ್ಲಿ ಇದೂ ಒಂದು.

"ಮೂಲ ಅರ್ಜಿ ಎಲ್ಲಿದೆ?"

"ಉತ್ತರದ ಜೊತೆ ಹಿಂದಕ್ಕೆ ಹೋಗತ್ತಲ್ಲ ಸರ್. ಟಪಾಲು ಚೀಲ ಆಗಲೇ ದೋಣಿಗೆ ಹೋಯ್ತು. ನಾಕು ಗಂಟೆಗೆ ಹೊರಡತ್ತೆ."

"ಹೇಗೆ ಬರೆದಿದ್ದಳು?"

"ಬಹಳ ಕ್ರಮವಾಗಿ ಸರ್. ಬೇರೆ ತಾಯಂದಿರ ಹಾಗೆ ಅಳು ಗಿಳು ಏನೂ ಇಲ್ಲ. ಆರೇ ಸಾಲು. 'ಕಮಾಂಡಿಂಗ್ ಜನರಲ್ ಅವರ ಸನ್ನಿಧಾನಕ್ಕೆ' ಅಂತ ಶುರು. ಕೊನೇಲಿ 'ತಮ್ಮ ವಿಧೇಯ ಸೇವಕಿ' ಅಂತ." ಪ್ರೌಟಿ ಒಂದು ಕ್ಷಣ ಅವನ ಮುಖ ನೋಡಿದ. "ತಾವು ಓದಿಯೇ ಸಹಿ ಮಾಡಿದ್ದಲ್ವಾ ಸರ್?"

ಇಲ್ಲ ಎನ್ನಬಹುದಿತ್ತು. ಎರಡಕ್ಷರ.

"ನಿಯಮ ಅಂದ್ಮೇಲೆ ನಿಯಮ," ಎಂದ. ಆ ದನಿ ಅವನಿಗೇ ಹಿತವೆನಿಸಿತು. ಹಿತವೆನಿಸಿದ್ದಕ್ಕೆ ಅಸಹ್ಯವೂ ಆಯಿತು.

ಪ್ರೌಟಿ ಹೋದ ಮೇಲೆ ಮೇಜಿನ ಖಾನೆ ಎಳೆದ. ಹೆಂಡತಿ ಲವೀನಿಯಾಳ ನಾಲ್ಕು ಪತ್ರಗಳು, ಜನವರಿಯಿಂದೀಚೆಗಿನವು. ಒಂದನ್ನೂ ಒಡೆದಿರಲಿಲ್ಲ. ಗಂಡನಿಗೆ ಬರೆದು ಬರೆದು ಸಾಕಾಗಿ ಐದನೆಯದನ್ನು ಅವಳು ಜನರಲ್‌ಗೆ ಬರೆದಿದ್ದಳು. ಜನರಲ್ ಅದೇ ದಿನ ಉತ್ತರಿಸಿದ್ದ.

ಮಗನನ್ನು ಅಪ್ಪನ ದಳಕ್ಕೇ ಸೇರಿಸಿದವಳು ಅವಳು. ನಿಮ್ಮ ಕಣ್ಣ ಮುಂದೆ ಇರಲಿ ಎಂದಿದ್ದಳು. ಕಣ್ಣ ಮುಂದೆಯೇ ಇದ್ದ. ಡಿಸೆಂಬರಿನ ಆ ಮಧ್ಯಾಹ್ನ ಹಳ್ಳ ದಾಟಲು ಮೊದಲ ಸಾಲು ಹೊರಟಾಗ ಟಾಲ್ಮನ್ ದುರ್ಬೀನಿನಲ್ಲಿ ನೋಡುತ್ತಿದ್ದ. ಆ ಸಾಲಿನಲ್ಲಿ ಯಾವ ಬೆನ್ನು ತನ್ನ ಮಗನದು ಎಂದು ಗುರುತಾಗಲಿಲ್ಲ. ಆಮೇಲೆ ನಾನೂರು ತಾಯಂದಿರಿಗೆ ಸಾಂತ್ವನದ ಪತ್ರ ಬರೆದ. ನಾನೂರ ಒಂದನೆಯದನ್ನು, ಲವೀನಿಯಾಳಿಗೆ, ಬರೆಯಲು ಕೈ ಬರಲಿಲ್ಲ.

ಮೂರೂಮುಕ್ಕಾಲು. ಟೋಪಿ ಎತ್ತಿಕೊಂಡು ಹೊರಟ.

ದೋಣಿಕಟ್ಟೆಯಲ್ಲಿ ಹಬೆದೋಣಿ ಹೊಗೆಯುಗುಳುತ್ತಿತ್ತು. ಟಪಾಲು ಚೀಲ ದೋಣಿಯ ಡೆಕ್ಕಿನ ಮೇಲೆ, ಕಣ್ಣಿಗೆ ಕಾಣುವಂತೆಯೇ ಬಿದ್ದಿತ್ತು. ಹತ್ತು ಹೆಜ್ಜೆ ದೂರ. ಮನೆಗೆ ಹೊರಟ ಗಾಯಾಳು ಸಿಪಾಯಿಗಳು ಜನರಲ್‌ನನ್ನು ಕಂಡು ಎದ್ದು ನಿಂತರು. ಅವರಲ್ಲೊಬ್ಬ ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ. ಆ ಪಕ್ಕದವನು ಭಕ್ತಿಯಿಂದ ನೋಡಿದ. ಸುದ್ದಿ ಆಗಲೇ ಇಲ್ಲಿಗೂ ಬಂದಿತ್ತು.

"ಇನ್ನೂ ಟಪಾಲಿದ್ಯಾ ಸ್ವಾಮಿ?" ದೋಣಿಯವನು ಕೂಗಿದ. "ಇದ್ರೆ ಹೇಳಿ, ತಮಗೋಸ್ಕರ ಅರ್ಧ ಗಂಟೆ ಬೇಕಾದ್ರೂ ಕಾಯ್ತೀನಿ."

ಚೀಲ ಬಿಚ್ಚು ಎಂದರೆ ಸಾಕಿತ್ತು. ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಆದರೆ ಓದದೆ ಸಹಿ ಹಾಕಿದ್ದು ಎಲ್ಲರಿಗೂ ತಿಳಿಯುತ್ತದೆ.

"ಇಲ್ಲ. ಹೊರಡು."

ದೋಣಿ ಹತ್ತುವ ಹಲಗೆ ಒಳಕ್ಕೆಳೆದರು. ಟಾಲ್ಮನ್ ಅತ್ತ ನೋಡಲಾರದೆ ಕಟ್ಟೆಯ ಇನ್ನೊಂದು ತುದಿಗೆ ನಡೆದ. ಅಲ್ಲಿ ಬಿಸಿಲಿನಲ್ಲಿ ಶವಪೆಟ್ಟಿಗೆಗಳನ್ನು ಆಳೆತ್ತರ ಪೇರಿಸಿಟ್ಟಿದ್ದರು. ಆಜ್ಞೆ ಹೊರಡುವ ಮೊದಲೇ ಗುತ್ತಿಗೆದಾರ ತರಿಸಿದ್ದು. ಪಕ್ಕದಲ್ಲಿ ಬಂದೂಕು ಹಿಡಿದು ನಿಂತಿದ್ದ ನರೆತ ಗಡ್ಡದ ಕಾವಲುಗಾರ ಸಲಾಮು ಹೊಡೆದ.

"ಇದರಲ್ಲೇನಿದೆ?"

"ಏನೂ ಇಲ್ಲ ಸ್ವಾಮಿ. ಖಾಲಿ."

"ಮತ್ತೆ ಏನು ಕಾಯ್ತಿದೀಯ?"

"ತಾವೇ ಹಾಕಿದ ಕಾವಲಲ್ವಾ? ಮೂರು ವಾರ ಆಯ್ತು. ಇದನ್ಯಾರು ಕದೀತಾರೆ ಹೇಳಿ, ಒಳಗೆ ಮಲಗೋ ಆತುರ ಯಾರಿಗಿದೆ?" ಹೇಳಿಬಿಟ್ಟು ನಾಲಿಗೆ ಕಚ್ಚಿಕೊಂಡ. "ತಪ್ಪಾಯ್ತು ಸ್ವಾಮಿ."

"ಎಲ್ಲಾ ಒಂದೇ ಅಳತೇವಾ?"

"ಎರಡು ಥರ. ಈ ಕಡೇವು ಆರಡಿ. ಆ ಕಡೇವು ಐದೂವರೆ."

"ಊಟ ಆಯ್ತಾ?"

"ಇನ್ನೂ ಇಲ್ಲ. ಬದಲಿ ಬರ್ಬೇಕು."

"ಹೋಗು. ಅಲ್ಲೀತನಕ ನಾನಿರ್ತೀನಿ."

ಕಾವಲುಗಾರ ಪೆಚ್ಚಾಗಿ ನಕ್ಕ. ಜನರಲ್ ನಗದಿದ್ದುದನ್ನು ಕಂಡು ನಗು ನಿಲ್ಲಿಸಿ, ಎರಡು ಸಲ ಹಿಂದೆ ತಿರುಗಿ ನೋಡುತ್ತ ಹೋದ.

ದೋಣಿ ಶಿಳ್ಳೆ ಹಾಕಿ ನಡುನೀರಿಗೆ ಸರಿಯಿತು. ಟಾಲ್ಮನ್ ಎರಡು ಸಾಲು ಪೆಟ್ಟಿಗೆಗಳ ನಡುವೆ ನಿಂತು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಕೈ ಇಟ್ಟ. ನೇಥನ್ ತನಗಿಂತ ಎತ್ತರವಿದ್ದನೋ, ಗಿಡ್ಡನೋ? ಅವನ ಭುಜದ ಮೇಲೆ ಕೈ ಹಾಕಿದ ಒಂದೇ ಒಂದು ದಿನ ನೆನಪಾದರೆ ಗೊತ್ತಾಗಿಬಿಡುತ್ತಿತ್ತು. ನೆನಪಾಗಲಿಲ್ಲ. ಸೈನ್ಯಕ್ಕೆ ಸೇರಿದ ದಿನ ಅಳೆದು ಬರೆದಿರುತ್ತಾರೆ. ಕೇಳಿದರೆ ಪ್ರೌಟಿ ನಿಮಿಷದಲ್ಲಿ ಹುಡುಕಿ ಹೇಳುತ್ತಾನೆ.

ದೋಣಿ ತಿರುವಿನಲ್ಲಿ ಮರೆಯಾಯಿತು. ಬದಲಿ ಕಾವಲುಗಾರ ಇನ್ನೂ ಬಂದಿರಲಿಲ್ಲ. ಜನರಲ್ ಹಿಮ್ಮಡಿ ಜೋಡಿಸಿ, ಖಾಲಿ ಪೆಟ್ಟಿಗೆಗಳಿಗೆ ಬೆನ್ನು ಮಾಡಿ, ನೆಟ್ಟಗೆ ನಿಂತ.