ಬಸಲಿಂಗವ್ವನ ಪಾಲಿನ ಗುಳಿಗೆ

ಬಸಲಿಂಗವ್ವ ಸತ್ತು ಹನ್ನೆರಡು ದಿನವಾಗಿತ್ತು. ಕೂಡಲಸಂಗಮದಲ್ಲಿ ಮಠದ ದಾರಿಗೆ ಆಕೆ ವಿಭೂತಿ, ಕಾಯಿ ಮಾರುತ್ತಿದ್ದ ತಗಡಿನ ಅಂಗಡಿಗೆ ಕೀಲಿ ಬಿದ್ದಿತ್ತು. ಆದರೂ ನಾನು ಮುಂದೆ ಹಾಯುವಾಗೆಲ್ಲ ಒಳಗೆ ಡಬ್ಬಿಯಲ್ಲಿ ಗುಳಿಗೆ ಅಲುಗಾಡಿದ ಸಪ್ಪಳ ಕೇಳುತ್ತಿತ್ತು. ಹಾಡಹಗಲು. ಇಲಿ ಇರಬೇಕೆಂದು ಬೈದುಕೊಂಡು ಹೋಗುತ್ತಿದ್ದೆ.

ನಾನು ಮಾದೇವಿ, ಆ ಓಣಿಯ ಆಶಾ ಕಾರ್ಯಕರ್ತೆ. ಆ ವರ್ಷ ಕೊರೋನಾ ಲಸಿಕೆಯ ಮೂರನೆಯ ಸೂಜಿ ಅರವತ್ತು ದಾಟಿದವರಿಗೆ ಬಂದಾಗ, ಯಾರೋ ದಾನಿಗಳು ಅವರಿಗೇ ಎಂದು ವಿಟಮಿನ್ ಗುಳಿಗೆಯನ್ನೂ ಕೊಟ್ಟರು. ಡಬ್ಬಿಗೆ ಮೂವತ್ತು, ದಿನಕ್ಕೊಂದು. ಗುಳಿಗೆಯಿಂದ ಸೂಜಿಯ ಬಲ ಹೆಚ್ಚುತ್ತದೆಂಬ ಖಾತ್ರಿಯಿಲ್ಲ, ಎರಡಕ್ಕೂ ಗಂಟು ಹಾಕಬೇಡ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ನಾನು ಹಾಕಿದೆ. ಮುದುಕರು ಗುಳಿಗೆಯನ್ನು ಹಿತ್ತಲಿಗೆ ಒಗೆಯುವುದನ್ನು ನೋಡಿ ಸಿಟ್ಟು ನೆತ್ತಿಗೇರಿತು. ಓಣಿಯ ನಡುವೆ ನಿಂತು ಒದರಿದೆ:

"ಮೂವತ್ತೂ ನುಂಗಿ ಬರ್ರಿ. ನುಂಗದವರಿಗೆ ಸೂಜಿ ಹತ್ತಂಗಿಲ್ಲ, ನೀರು ಚುಚ್ಚಿಸ್ಕೊಂಡಂಗ."

ಬಸಲಿಂಗವ್ವನ ಪಕ್ಕ ಹೂವು ಮಾರುವ ಮರೆವ್ವ ತಾನೂ ಕೈಯೊಡ್ಡಿದಳು. ಆಧಾರ್ ಕಾರ್ಡಿನಲ್ಲಿ ಆಕೆಗೆ ಐವತ್ತೆಂಟು.

"ನಿನಗಿಲ್ಲಬೇ," ಅಂದೆ.

"ಇಕಿಕಿಂತ ಎಲ್ಡ ವರ್ಷ ದೊಡ್ಡಾಕಿ ನಾ. ಕಾರ್ಡಿನಾಗ ಹುಡುಗಿ ಮಾಡಿಟ್ಟಾರ."

"ಹಂಗಾರ ಇನ್ನೊಂದು ಮದುವಿ ಮಾಡ್ಕೊ," ಅಂದು ನಡೆದೆ.

ತಿಂಗಳಾದ ಮೇಲೆ ಸೂಜಿಯ ದಿನ ಬಸಲಿಂಗವ್ವ ಬರಲಿಲ್ಲ. ಕರೆಯಲು ಹೋದರೆ, "ಇನ್ನೊಂದು ಡಬ್ಬಿ ಕೊಡು ಯವ್ವಾ. ಮುಂದಿನ ತಿಂಗಳ ಬರ್ತೇನಿ," ಅಂದಳು.

"ಮಾರಾಕ ಹತ್ತಿಯೇನು?"

ಇನ್ನೊಂದು ಡಬ್ಬಿಯನ್ನು ಕಾಯಿಗಳ ಮೇಲೆ ಒಗೆದು ಬಂದೆ. ಇಪ್ಪತ್ತು ದಿನಕ್ಕೆ ಆಕೆಗೆ ಜ್ವರ, ಕೆಮ್ಮು. ಬಾಗಲಕೋಟೆಯ ದವಾಖಾನೆಯಲ್ಲಿ ಕೊರೋನಾ ಅಂದರು. ನಾಲ್ಕನೆಯ ದಿನ ಹೆಣ ಬಂತು.

ಜುಲೈನಲ್ಲಿ ಮೂರನೆಯ ಸೂಜಿ ಹದಿನೆಂಟು ದಾಟಿದವರಿಗೆಲ್ಲ ಬಿಟ್ಟಿಯಾಯಿತು. ಮರೆವ್ವನನ್ನು ಕರೆಯಲು ಹೋದೆ. ಕೀಲಿ ಬಿದ್ದ ಅಂಗಡಿಯ ಹಿಂದೆ, ನೆರಳಿನಲ್ಲಿ ಕುಳಿತು ಆಕೆ ಗುಳಿಗೆಯ ಡಬ್ಬಿಯನ್ನು ಕಿವಿಯ ಹತ್ತಿರ ಅಲುಗಾಡಿಸುತ್ತಿದ್ದಳು. ಅದೇ ಸಪ್ಪಳ. ಇಷ್ಟೇ ಅಂತ ಜೀವ ಹಗುರಾಯಿತು.

"ಈಗ ನಿನಗೂ ಐತಿ. ನಡಿಬೇ."

"ಹತ್ತು ಉಳದಾವು," ಅಂದಳು. "ಐದು ಆಕೀವು, ಐದು ನನ್ನವು. ಮುಗಿಸಲಾರದ ಹೆಂಗ ಬರ್ಲಿ?"

"ಇಬ್ಬರೂ ತಿಂತಿದ್ರೇನು?"

"ಆಕಿ ಕೊರಳಾಗಿನ ಲಿಂಗಕ್ಕ ತೋರಿಸಲಾರದ ಏನರ ಬಾಯಾಗ ಹಾಕ್ತಿದ್ಲೇನು? ಗುಳಿಗಿನೂ ತೋರಿಸ್ತಿದ್ಲು. ತೋರಿಸಿದ ಮ್ಯಾಲೆ ಪ್ರಸಾದ, ಒಬ್ಬಾಕಿನ ತಿನ್ನಬಾರ್ದು ಅಂತಿದ್ಲು. ಒಂದಿನ ಆಕಿ, ಒಂದಿನ ನಾ. ಸೂಜಿ ದಿನ ಒಬ್ಬೊಬ್ಬರ್ದು ಹದಿನೈದ ಆಗಿದ್ವು. ಇನ್ನ ಹದಿನೈದು ತಿಂದು ಕೂಡೇ ಹೋಗೋಣು, ಮಾದೇವಿ ಸುಳ್ಳು ಹೇಳಂಗಿಲ್ಲ ಅಂದ್ಲು."

ನಾನು ಚೀಲ ಕೆಳಗಿಟ್ಟು ಆಕೆಯ ಎದುರು ಕುಕ್ಕರಿಸಿದೆ.

"ಈಗ ಲಿಂಗಕ್ಕ ತೋರಸಾಕ ಆಕಿ ಇಲ್ಲ," ಅಂದಳು ಮರೆವ್ವ. "ಏನ್ ಮಾಡ್ಲಿ ಅಂತ ದಿನಾ ಅಲ್ಲಾಡಿಸಿ ಕೇಳ್ತೇನಿ."

ಸರ್ಕಾರದ ನಿಯಮ ಬದಲಾಗೈತಿ, ಇನ್ನು ಗುಳಿಗೆ ಬೇಡ ಅಂದುಬಿಡಬಹುದಿತ್ತು. ಎದ್ದು ಬರುತ್ತಿದ್ದಳು. ನನ್ನ ಹೆಸರೂ ಉಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ಅಂಗಡಿಯ ಒಳಗೆ ಗುಳಿಗೆ ಅಲುಗಾಡಿದವು. ಮರೆವ್ವನ ಡಬ್ಬಿ ಆಕೆಯ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

"ಸುಳ್ಳು ಹೇಳಿದ್ದೆ," ಅಂದೆ. "ಗುಳಿಗಿ ತಿನ್ನದಿದ್ರೂ ಸೂಜಿ ಹತ್ತತೈತಿ. ನಿಮ್ಮನ್ನ ಹೆದರಸಾಕ ಅಂದಿದ್ದೆ."

ಮರೆವ್ವ ಡಬ್ಬಿಯ ಮುಚ್ಚಳ ಬಿಗಿ ಮಾಡಿದಳು.

"ಆವತ್ತ ಆಕಿ ಸೂಜಿ ಮಾಡಿಸ್ಕೊಂಡಿದ್ರ?"

"ಉಳೀತಿದ್ಲೋ ಏನೋ."

ಆಕೆ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಲು ನನಗೆ ಬರುತ್ತಿತ್ತು. ಡಬ್ಬಿಯನ್ನು ನನ್ನ ಕೈಯಲ್ಲಿಟ್ಟು, "ಇದನ್ನ ನೀನ ಇಟ್ಕೊ," ಅಂದಳು. ಒಬ್ಬಳೇ ನಡೆದುಹೋಗಿ ಸೂಜಿ ಮಾಡಿಸಿಕೊಂಡಳು.

ಹತ್ತೂ ಗುಳಿಗೆ ನನ್ನ ಚೀಲದಲ್ಲಿವೆ. ಒಗೆಯಲು ಕೈ ಬಂದಿಲ್ಲ. ನಾನು ಬಾಗಿಲು ಬಡಿಯುವ ಮೊದಲೇ ಸಪ್ಪಳ ಕೇಳಿ ಒಳಗಿನ ಮುದುಕರು, "ಬಂದ್ಲು," ಅನ್ನುತ್ತಾರೆ.

ಯಾರು ಅಂತ ನಾನು ಕೇಳುವುದಿಲ್ಲ.