ಹೂದಾರಿಯ ಕೆಂಪು ಗುಂಡಿ

ನಾನು ಒಂದು ಜಾಲತಾಣ. ಮುಟ್ಟಲು ಮೈಯಿಲ್ಲ, ಇಡಲು ಜಾಗ ಬೇಕಿಲ್ಲ. ಆದರೂ ನನಗೊಂದು ಹುಟ್ಟಿದ ಮನೆ ಇತ್ತು. ಮೈಸೂರು ಸೀಮೆಯ ಒಂದು ಸಣ್ಣ ಪೇಟೆ, ಅಲ್ಲಿನ ಬಸ್ ನಿಲ್ದಾಣದ ಎದುರಿಗೆ ಒಂದು ಜೆರಾಕ್ಸ್ ಅಂಗಡಿ. ಅಂಗಡಿಯ ಒಡತಿ ನಳಿನಾಕ್ಷಿ. ಮದುವೆ ಕಾಗದ ಟೈಪು ಮಾಡುವುದು, ಪಹಣಿ ಜೆರಾಕ್ಸ್ ತೆಗೆಯುವುದು ಅವಳ ಕೆಲಸ. ಆಷಾಢ ಬಂತೆಂದರೆ ಮದುವೆಗಳಿಲ್ಲ, ನೊಣ ಹೊಡೆಯುತ್ತಾ ಕೂರಬೇಕು. ಅದು ಅವಳ ಜಾಯಮಾನಕ್ಕೆ ಒಗ್ಗದು. ಅಂಥದೊಂದು ಆಷಾಢದಲ್ಲಿ ಅವಳು ನನ್ನನ್ನು ಕಟ್ಟಿದಳು.

ಯಾಕೆ ಕಟ್ಟಿದಳು ಎಂದರೆ, ಬೆಳಗಿನ ಮೊದಲ ಬಸ್ಸಿಗೆ ಸುತ್ತಲಿನ ಹಳ್ಳಿಯ ಹೆಂಗಸರು ಹೂವಿನ ಕುಕ್ಕೆ ಏರಿಸಿ ಹೋಗುವುದನ್ನು ಅವಳು ಅಂಗಡಿಯಿಂದಲೇ ನೋಡುತ್ತಿದ್ದಳು. ಕುಕ್ಕೆ ಮೈಸೂರಿನ ಮಾರುಕಟ್ಟೆಗೆ ಹೋಗುತ್ತಿತ್ತು, ದಲ್ಲಾಳಿಯ ಕೈ ಸೇರುತ್ತಿತ್ತು, ಅಲ್ಲಿಂದ ಯಾವುದೋ ಅಂಗಡಿಗೆ. ಬೆಳೆದವರಿಗೆ ಕೊಂಡವರ ಮುಖ ಗೊತ್ತಿಲ್ಲ, ಕೊಂಡವರಿಗೆ ಬೆಳೆದವರ ಊರು ಗೊತ್ತಿಲ್ಲ. ವರ್ಷಗಟ್ಟಲೆ ಒಬ್ಬರ ಹೂವನ್ನೇ ಇನ್ನೊಬ್ಬರು ಮಾರಿದರೂ ಎದುರು ಸಿಕ್ಕರೆ ಗುರುತಿಲ್ಲ. ಇದು ನಳಿನಾಕ್ಷಿಗೆ ಸರಿಕಾಣಲಿಲ್ಲ. ಹೂ ಬೆಳೆಯುವವರ ಹೆಸರೆಲ್ಲ ಒಂದು ಕಡೆ, ಹೂವಿನ ಅಂಗಡಿಯವರೆಲ್ಲ ಇನ್ನೊಂದು ಕಡೆ ಇಟ್ಟು ನನ್ನನ್ನು ನಡುವೆ ನಿಲ್ಲಿಸಿದಳು. ‘ಹೂದಾರಿ’ ಎಂದು ಹೆಸರಿಟ್ಟಳು.

ಮದುವೆ ಕಾಗದ ಮಾಡಿ ಪಳಗಿದ ಕೈ ಅಲ್ಲವೇ, ನನಗೂ ಅದೇ ಅಲಂಕಾರ ಬಿತ್ತು. ನೆತ್ತಿಯ ಮೇಲೆ ಗಣಪತಿ, ಎಡಬಲಕ್ಕೆ ಬಾಳೆಕಂಬ, ಕಡು ಗುಲಾಬಿ ಅಕ್ಷರ, ಅಡ್ಡಲಾಗಿ ಓಡುವ ಸುಸ್ವಾಗತ. ಈಗಿನ ಜಾಲತಾಣಗಳು ನನ್ನ ಆಗಿನ ರೂಪ ನೋಡಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಾವು. ನಗಲಿ ಬಿಡಿ. ಅಷ್ಟು ಸಿಂಗಾರ ಮಾಡಿ ಅವಕ್ಕೆ ಯಾರು ಹೆಸರಿಟ್ಟಿದ್ದಾರೆ?

ಬೆಳೆಗಾರರ ಪ್ರತಿ ಹೆಸರಿನ ಮುಂದೆ ಎರಡು ಗುಂಡಿ ಇಟ್ಟಳು. ಹಸಿರು ಗುಂಡಿ ಒತ್ತಿದರೆ ‘ಹೂವಿದೆ’, ಕೆಂಪು ಗುಂಡಿ ಒತ್ತಿದರೆ ‘ಹೂವಿಲ್ಲ’. ಓದುಬರಹ ಅಷ್ಟಕ್ಕಷ್ಟೇ ಇರುವವರಿಗೂ ತಿಳಿಯಲಿ ಎಂಬ ಆಸೆ. ಅಂಗಡಿಯವರಿಗೆ ‘ಬೇಕು’ ಎಂಬ ಒಂದೇ ಗುಂಡಿ. ಸ್ಕೂಟರ್ ಹತ್ತಿ ಹಳ್ಳಿ ಹಳ್ಳಿಗೆ ಹೋಗಿ ತೋರಿಸಿಕೊಟ್ಟಳು.

ಹೀಗೆ ನಾನು ಮೊದಲು ಸೇರಿದ ಕೈ ಮಲ್ಲಿಗೆ ಬೆಳೆಯುವ ಚಿಕ್ಕತಾಯಮ್ಮನದು. ಅವಳ ಬಳಿ ಫೋನಿರಲಿಲ್ಲ, ಇದ್ದದ್ದು ಸೊಸೆಯ ಬಳಿ. ಅದನ್ನು ಅಂಗೈಯಲ್ಲಿಟ್ಟುಕೊಂಡು ಅವಳು ಬಗ್ಗಿದಾಗ ನನಗೆ ಕಾಣುತ್ತಿದ್ದುದು ಅವಳ ಗಲ್ಲ, ಮೂಗುಬೊಟ್ಟು, ಅದರಾಚೆ ಒಂದಿಷ್ಟು ಆಕಾಶ. ಬೆರಳಿಗೆ ಮೊಗ್ಗಿನ ವಾಸನೆ ಇತ್ತಂತೆ, ನಳಿನಾಕ್ಷಿ ಹೇಳುತ್ತಿದ್ದಳು. ಹಸಿರು ಗುಂಡಿಯನ್ನು ಅವಳು ಹಣೆಗೆ ಕುಂಕುಮ ಇಡುವಷ್ಟು ಮೆತ್ತಗೆ ಒತ್ತುತ್ತಿದ್ದಳು. ಆ ಸ್ಪರ್ಶ ನೆನೆದರೆ ನನಗೆ ಇಂದಿಗೂ ಹಿತವಾಗುತ್ತದೆ.

ಅತ್ತ ಮೈಸೂರಿನಲ್ಲಿ ನನ್ನನ್ನು ಮೊದಲು ನಂಬಿದವರು ಮುನಾವರ್ ಸಾಹೇಬರು. ತಂದೆಯ ಕಾಲದ ಹೂವಿನ ಅಂಗಡಿ ಅವರದು. ಅವರು ಚಿಕ್ಕತಾಯಮ್ಮನ ಹೆಸರಿನ ಮುಂದೆ ‘ಬೇಕು’ ಎಂದು ಒತ್ತಿದ ಮರುದಿನ ಮಲ್ಲಿಗೆ ನೇರವಾಗಿ ಅವರ ಅಂಗಡಿಗೇ ಇಳಿಯಿತು. ಅವರನ್ನು ನೋಡಿ ಉಳಿದ ಅಂಗಡಿಯವರೂ ಬಂದರು. ಆ ಬೇಸಿಗೆ ನನಗೆ ಪುರುಸೊತ್ತೇ ಇರಲಿಲ್ಲ. ಎಂಥ ಕಾಲ ಅದು!

ಆಮೇಲೆ ಚಳಿ ಬಂತು. ಮಲ್ಲಿಗೆ ಗಿಡ ಮೊಗ್ಗು ನಿಲ್ಲಿಸಿತು. ಚಿಕ್ಕತಾಯಮ್ಮ ಸೊಸೆಯ ಫೋನು ಹಿಡಿದು ಕೂತಳು. ಬೆರಳು ಕೆಂಪು ಗುಂಡಿಯ ಹತ್ತಿರ ಬಂತು, ನಿಂತಿತು, ಹಿಂದೆ ಹೋಯಿತು. ಫೋನನ್ನು ಮಗುಚಿಟ್ಟಳು. ಅವಳೊಬ್ಬಳೇ ಅಲ್ಲ, ಯಾವ ಹಳ್ಳಿಯ ಯಾವ ಹೆಂಗಸೂ ಆ ಗುಂಡಿ ಒತ್ತಲಿಲ್ಲ. ಸೊಸೆ ಬಾಣಂತನಕ್ಕೆ ತವರಿಗೆ ಹೊರಟಳು, ಫೋನೂ ಅವಳ ಜೊತೆ ಹೋಯಿತು. ನಾನು ಮಾತ್ರ ಪೆದ್ದನಂತೆ ‘ಹೂವಿದೆ, ಹೂವಿದೆ’ ಎನ್ನುತ್ತಲೇ ಇದ್ದೆ.

ಅದೇ ಹೊತ್ತಿಗೆ ಮುನಾವರ್ ಸಾಹೇಬರ ಮಗಳು ನಸೀಮಾಳ ಮದುವೆ. ಮದುಮಕ್ಕಳ ಮುಖಕ್ಕೆ ಇಳಿಬಿಡುವ ಹೂವಿನ ಪರದೆಗೆ, ಅವರ ಮಾತಿನಲ್ಲಿ ಸೆಹರಾಕ್ಕೆ, ಚಿಕ್ಕತಾಯಮ್ಮನ ಮಲ್ಲಿಗೆಯೇ ಆಗಬೇಕೆಂದು ಅವರು ನನ್ನಲ್ಲಿ ಒತ್ತಿ ನಿಶ್ಚಿಂತೆಯಿಂದಿದ್ದರು. ಮದುವೆಯ ಹಿಂದಿನ ದಿನ ನಳಿನಾಕ್ಷಿಯ ಅಂಗಡಿಗೆ ಫೋನು ಮಾಡಿದರು. “ಮೇಡಮ್, ಅಮ್ಮನ ಹೂ ಯಾವ ಬಸ್ಸಿಗೆ ಬರುತ್ತೆ? ಅವರ ಫೋನು ಯಾರೂ ಎತ್ತುತ್ತಾ ಇಲ್ಲ.”

ನಳಿನಾಕ್ಷಿ ಸ್ಕೂಟರ್ ಹತ್ತಿದಳು. ನಾನು ಅವಳ ಕೈಚೀಲದ ಫೋನಿನೊಳಗಿದ್ದೆ. ಹೋಗಿ ನೋಡಿದರೆ ತೋಟದಲ್ಲಿ ಬರೀ ಎಲೆ.

“ದೊಡ್ಡವ್ವ, ಹೂ ಇಲ್ದೆ ಇದ್ಮೇಲೆ ಕೆಂಪು ಗುಂಡಿ ಒತ್ತಬೇಕಿತ್ತಲ್ವಾ?”

“ಶ್, ಬುಡ್ತು ಅನ್ನು!” ಎಂದಳು ಚಿಕ್ಕತಾಯಮ್ಮ. “ಹೂವ ಇಲ್ಲ ಅಂತ ಬಾಯಲ್ಲೇ ಅಂದೋಳಲ್ಲ ನಾನು. ಕೈಯಾರೆ ಒತ್ತಾದಾ? ನಿಮ್ಮವ್ವ ನಿಂಗೆ ಅಷ್ಟೂ ಯೋಳ್ಕೊಟ್ಟಿಲ್ವಾ?”

ನಳಿನಾಕ್ಷಿ ಹಣೆ ಚಚ್ಚಿಕೊಂಡಳು. ಅರಿಶಿನ, ಕುಂಕುಮ, ಹೂವು ಇವನ್ನು ಇಲ್ಲ ಎನ್ನಬಾರದೆಂದು ಅವಳ ತಾಯಿ ಹೇಳಿಕೊಡದೆ ಏನು? ಮನೆಯಲ್ಲಿ ಎಂದೂ ಆಡದ ಮಾತನ್ನು ಕಂಪ್ಯೂಟರಿನ ಮುಂದೆ ಕೂತಾಗ ಕೆಂಪು ಬಣ್ಣ ಬಳಿದು ಬರೆದುಬಿಟ್ಟಿದ್ದಳು. ನನ್ನ ಎದೆಯ ಮೇಲೆ ಅಂಥ ಮಾತು ಇತ್ತೆಂದು ನನಗೂ ಆಗಲೇ ತಿಳಿದದ್ದು. ನಾಚಿಕೆಯಾಯಿತು.

ಅವಳು ನಡೆದದ್ದನ್ನೆಲ್ಲ ಹೇಳಿದಳು. ನಾಳೆ ಧನುರ್ಮಾಸಕ್ಕೆ ಮುಂಚಿನ ಕಡೆಯ ಮುಹೂರ್ತ. ಊರ ತುಂಬ ಮದುವೆಗಳು, ಮಾರುಕಟ್ಟೆಯಲ್ಲಿ ಗುಡಿಸಿದರೂ ಒಂದು ಎಸಳು ಸಿಗದು. ಊರವರ ಮದುವೆಗೆಲ್ಲ ಹೂ ಕಟ್ಟಿಕೊಟ್ಟವರ ಮಗಳೇ ಬರಿಮುಖದಲ್ಲಿ ಕೂರಬೇಕು. ನಂಬಿ ಬಂದವರ ಮನೆಯಲ್ಲೇ ಹೀಗಾದರೆ ಹೂದಾರಿಯನ್ನು ಇನ್ನು ಯಾರೂ ತೆರೆಯುವುದಿಲ್ಲ. ಹೇಳುತ್ತಾ ಹೇಳುತ್ತಾ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟಳು.

ಚಿಕ್ಕತಾಯಮ್ಮ ಸೆರಗು ಸಿಕ್ಕಿಸಿದಳು. “ಮದುವೆ ಎಣ್ಣು ಬರಿಮೊಕದಲ್ಲಿ ಕೂತ್ಕೊಳಾದಾ? ಏಳು, ಅಳ್ಬೇಡ.”

ಆ ಊರಲ್ಲಿ ಬೇಲಿ ಬೇಲಿಗೂ ಕಾಕಡ ಇತ್ತು. ಚಳಿಗೂ ಜಗ್ಗದೆ ಬಿಡುವ ಹೂವು. ವಾಸನೆ ಕಡಿಮೆ ಎಂದು ಯಾರೂ ಮಾರುತ್ತಿರಲಿಲ್ಲ, ದೇವರ ತಲೆಗೆ ಇಟ್ಟು ಸುಮ್ಮನಾಗುತ್ತಿದ್ದರು. ಚಿಕ್ಕತಾಯಮ್ಮ ಮನೆಮನೆಗೆ ಹೋಗಿ ಮಡಿಲೊಡ್ಡಿದಳು. “ನಮ್ಮ ಕೂಸಿನ ಮದುವೆ ಕನ್ರವ್ವ, ಕುಯ್ಕೊಡಿ” ಎಂದಳು. ನಳಿನಾಕ್ಷಿ ಅವಳ ಮುಖ ನೋಡಿದಳು. ಆ ಕೂಸಿನ ಹೆಸರು ಕೂಡ ಚಿಕ್ಕತಾಯಮ್ಮನಿಗೆ ಗೊತ್ತಿರಲಿಲ್ಲ. ಸಂಜೆಗೆ ಜಗಲಿ ಬೆಳ್ಳಗಾಯಿತು. ಪರಿಮಳಕ್ಕೆಂದು ಮರುಗದ ಕುಡಿ ಸೇರಿಸಿದರು. ಬೆಳಗಿನ ಮೊದಲ ಬಸ್ಸಿಗೆ ಕುಕ್ಕೆ ಏರಿತು. ಈ ಸಲ ಕುಕ್ಕೆಯ ಜೊತೆ ಚಿಕ್ಕತಾಯಮ್ಮನೂ ಏರಿದಳು.

ಮುನಾವರ್ ಸಾಹೇಬರು ಬಾಗಿಲಲ್ಲೇ ಕಾದಿದ್ದರಂತೆ. ಚಿಕ್ಕತಾಯಮ್ಮ ಕುಕ್ಕೆ ಇಳಿಸಿ, “ಮಲ್ಲಿಗೆ ಅಲ್ಲ ಸಾಯ್ಬ್ರೇ, ಕಾಕಡ. ನನ್ನಿಂದ ತಪ್ಪಾಯ್ತು” ಎಂದಳು. ಅವರು, “ಅಮ್ಮಾ, ನೀವೇ ಬಂದ್ರಲ್ಲ” ಎಂದರು. ಕುಕ್ಕೆಯನ್ನು ತಾವೇ ಎತ್ತಿ ಒಳಗೆ ಒಯ್ದರು. ಅವಳು ಅಲ್ಲೇ ಚಾಪೆಯ ಮೇಲೆ ಕೂತು ಆ ಮನೆಯ ಹೆಂಗಸರೊಡನೆ ಸೆಹರಾ ಕಟ್ಟಿದಳು. ಸಾಹೇಬರು ಕಳಿಸಿದ ಅದರ ಫೋಟೋವನ್ನು ನಳಿನಾಕ್ಷಿ ಗಣಪತಿಯ ಕೆಳಗೆ ಹಾಕಿದಳು. ಅಷ್ಟು ಚೆಂದದ ಹೂವನ್ನು ನಾನು ಅದಕ್ಕೆ ಮೊದಲೂ ಹೊತ್ತಿರಲಿಲ್ಲ, ಆಮೇಲೂ ಹೊರಲಿಲ್ಲ.

ಕೆಂಪು ಗುಂಡಿ ಅಂದೇ ಹೋಯಿತು. ಅದರ ಜಾಗದಲ್ಲಿ ‘ನಾಳೆ ಬನ್ನಿ’ ಎಂದು ಬರೆಯಲು ಹೊರಟ ನಳಿನಾಕ್ಷಿಗೆ ಹಳ್ಳಿಯವರು, “ಅದು ದೆವ್ವಕ್ಕೆ ಬರೆಯೋದಲ್ವೇನವ್ವಾ, ಗಿರಾಕಿಗಾ?” ಎಂದು ಗೇಲಿ ಮಾಡಿದರು. ಕೊನೆಗೆ ಚಿಕ್ಕತಾಯಮ್ಮ ಹೇಳಿದಂತೆ ‘ಗಿಡದಲ್ಲಿದೆ’ ಎಂದು ಬರೆದು, ಅರಿಶಿನದ ಬಣ್ಣ ಕೊಟ್ಟಳು. ಅದನ್ನು ಒತ್ತಲು ಯಾರ ಬೆರಳೂ ಹಿಂಜರಿಯಲಿಲ್ಲ.

ನಾಲ್ಕಾರು ಒಳ್ಳೆಯ ವರ್ಷಗಳು ಹೋದವು. ಎಷ್ಟೋ ಕೈಗಳು ನನ್ನನ್ನು ತೆರೆದವು. ನೆಲ ಅಗೆದ ಕೈ, ದಾರದಿಂದ ಸೀಳಿದ ಕೈ, ಬಾಳೆನಾರಿನ ಕಲೆಯ ಕೈ. ಮೆಲ್ಲಗೆ ಅವು ಕಡಿಮೆಯಾದವು. ಬೆಳೆದವರೂ ಕೊಂಡವರೂ ಗುರುತಾದ ಮೇಲೆ ನೇರವಾಗಿ ಫೋನು ಮಾಡಿಕೊಳ್ಳುತ್ತಿದ್ದರು. ಹೂವಿನ ಜೊತೆ ಮನೆಯ ಸುದ್ದಿಯೂ ಹೋಗುತ್ತಿತ್ತು, ಬರುತ್ತಿತ್ತು. ನಡುವೆ ನಾನೇಕೆ? ಸುಳ್ಳು ಹೇಳುವುದಿಲ್ಲ, ನನಗೆ ತುಂಬ ಬೇಜಾರಾಗುತ್ತಿತ್ತು. ದಿನವಿಡೀ ಸುಸ್ವಾಗತ ಓಡಿಸುತ್ತಾ ಯಾರಾದರೂ ಬಂದಾರೇ ಎಂದು ಕಾಯುತ್ತಿದ್ದೆ.

ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ನನ್ನ ಹೆಸರನ್ನು ಹೊಸದು ಮಾಡಿಸಬೇಕು. ಈ ಸಲ ನಳಿನಾಕ್ಷಿ ಬೇಡವೆಂದು ನಿರ್ಧರಿಸಿದಳು. ಮುಚ್ಚುವ ಮೊದಲು ಒಂದು ಮಾತು ಹೇಳೋಣವೆಂದು, ಈಗ ತನ್ನದೇ ಫೋನು ಇಟ್ಟುಕೊಂಡಿದ್ದ ಚಿಕ್ಕತಾಯಮ್ಮನಿಗೆ ಫೋನು ಮಾಡಿದಳು.

“ದೊಡ್ಡವ್ವ, ಹೂದಾರಿನ ಮುಚ್ತಾ ಇದ್ದೀನಿ.”

“ಅದ್ಯಾವುದವ್ವ?”

“ನೀವೂ ಸಾಹೇಬ್ರೂ ಗುರುತಾಗಿದ್ದು ಅದರಿಂದ್ಲೇ ಅಲ್ವಾ?”

ಅತ್ತ ಕಡೆ ಪಾತ್ರೆಯ ಸದ್ದು, ಮಕ್ಕಳ ಗಲಾಟೆ. ಚಿಕ್ಕತಾಯಮ್ಮ ನಕ್ಕಳು. “ಅವ್ರ ಮನೇಲೇ ಇವ್ನಿ ಕನವ್ವ, ನಸೀಮನ ಮಗೀಗೆ ಜಡೆ ಎಣೀತಾ. ಅದ್ಯಾಕೆ ಇಂಗಂದೀಯೆ? ನಾವು ಮೊದ್ಲಿಂದ್ಲೂ ನೆಂಟ್ರಲ್ವಾ!”

ನಳಿನಾಕ್ಷಿ ನೆನಪು ಮಾಡಿಕೊಡುತ್ತಾಳೆ, ನನ್ನ ಹೆಸರನ್ನು ಇನ್ನೊಮ್ಮೆ ಹೇಳುತ್ತಾಳೆ ಎಂದು ನಾನು ಕಾದೆ. ಒಂದು ಗಳಿಗೆ ನನಗೆ ಅದು ಬೇಕೇಬೇಕು ಅನ್ನಿಸಿತ್ತು. ಆದರೆ ಫೋನಿನಲ್ಲಿ ಆ ಮಗು “ಅಜ್ಜೀ, ಬೇಗ” ಎಂದು ಕೂಗಿತು. ನನ್ನ ಆಸೆ ಅಲ್ಲಿಗೇ ಇಳಿಯಿತು.

“ಹೌದು ದೊಡ್ಡವ್ವ, ಮೊದ್ಲಿಂದ್ಲೂ” ಎಂದಳು ನಳಿನಾಕ್ಷಿ. ಕಣ್ಣೊರೆಸಿಕೊಂಡು ನನ್ನನ್ನು ಮುಚ್ಚಿದಳು.