ಚೀಲದೆಳೆಯ ಹಾಸು

ಅಂಗಡಿ ಮುಂದಿನ ಗಟಾರಕ್ಕೆ ಮುಚ್ಚಿದ ಕಾಂಕ್ರೀಟ್ ಹಾಸು ಕಾಲಡಿಯಲ್ಲೇ ಮುರಿದ ದಿನದಿಂದ ನನ್ನ ಅಜ್ಜಿ ದಾದಿಮಾ ಅತ್ತ ಕಾಲಿಟ್ಟಿರಲಿಲ್ಲ. ಪೆಟ್ಟು ಹೆಚ್ಚೇನೂ ಆಗಿರಲಿಲ್ಲ, ಧೈರ್ಯ ಹೋಗಿತ್ತು. ರಸ್ತೆಯಾಚೆ ನಮ್ಮ ಮನೆಯ ಹೊಸ್ತಿಲಲ್ಲಿ ಕೂತು, ಅಂಗಡಿಯಲ್ಲಿ ಸುತ್ತಿಟ್ಟ, ತಾನು ಕೂತು ಹೊಲಿಯುವ ಚಾಪೆಯನ್ನೇ ನೋಡುತ್ತಿದ್ದಳು.

ರಾಯಚೂರಿನ ಗಂಜ್ ಮಾರುಕಟ್ಟೆಯ ಹತ್ತಿರ ನಮ್ಮದು ಹಳೆ ಚೀಲದ ಅಂಗಡಿ. ಹರಿದ ಪ್ಲಾಸ್ಟಿಕ್ ನೇಯ್ಗೆಯ ಚೀಲಗಳನ್ನು ದಬ್ಬಣ ಹಿಡಿದು ಹೊಲಿಯುವುದು ದಾದಿಮಾಳ ಕೆಲಸ. ದಾರ ಕೊಳ್ಳುವುದಿಲ್ಲ, ಪೂರಾ ಕೆಟ್ಟ ಚೀಲದಿಂದಲೇ ಎಳೆ ಬಿಚ್ಚಿಕೊಳ್ಳುತ್ತೇವೆ. ಉಳಿದ ತುಂಡೆಳೆಗಳನ್ನು ಹಿತ್ತಲಲ್ಲಿ ಸುಡುವುದು ರೂಢಿ.

ಅಂಥ ಎಳೆಗಳನ್ನು ಕಾಂಕ್ರೀಟಿಗೆ ಬೆರೆಸುತ್ತಾರೆಂದು ಸಿವಿಲ್ ಎಂಜಿನಿಯರಿಂಗ್ ಓದುವಾಗ ಕೇಳಿದ್ದೆ. ಒಳಗೆ ಹೋಗಿ ಅವು ಏನು ಮಾಡುತ್ತವೆ ಎಂಬ ಕುತೂಹಲ ತಲೆಯಲ್ಲೇ ಉಳಿದಿತ್ತು. ಹೊಸ ಹಾಸು ಹಾಕಲು ಗಬ್ಬೂರಿನಿಂದ ಗೌಂಡಿ ಯಮನೂರಪ್ಪ ಬಂದಾಗ, ನಮ್ಮ ಎಳೆಗಳನ್ನೂ ಬೆರೆಸಿ ನೋಡೋಣವೆಂದು ಅಬ್ಬಾನ ಬೆನ್ನ ಹಿಂದೆ ನಿಂತು ಹೇಗೋ ಹೇಳಿದೆ.

“ಏನಂದ್ರಿ? ಕೇಳಸಲಿಲ್ಲ.”

ಇನ್ನೊಮ್ಮೆ ಹೇಳಿದೆ.

“ಮತೀನ್ ಭಾಯ್, ನಿಮ್ಮ ಮಗಳು ಸಿಮೆಂಟಿಗೆ ಶಾವಿಗಿ ಹಾಕು ಅನ್ನಾಕತ್ತಾಳಲ್ರೀ!”

ಅಬ್ಬಾ ನಕ್ಕರು. “ಒಂದು ಸಣ್ಣ ಕಾಂಕ್ರೀಟ್ ಬಿಲ್ಲೆ ಮಾಡಿ ನೋಡ್ರಿ. ಅಕಿ ಬಾಯಿ ಬಿಡೋದ ಅಪರೂಪ.”

ಕಲಸಿದ ಕಾಂಕ್ರೀಟಿಗೆ ಎಳೆಗಳನ್ನು ಹಿಡಿಹಿಡಿಯಾಗಿ ಸುರಿದೆ. ಉಂಡೆ ಕಟ್ಟಿಕೊಂಡವು.

“ನೋಡ್ರಿ, ಪಾಯಸ ಗಂಟಾತು,” ಎಂದ ಯಮನೂರಪ್ಪ.

ಚುಚ್ಚಲೆಂದೇ ಅಂದಿದ್ದ, ಆದರೆ ನನಗೆ ಈದಿನ ಬೆಳಗು ನೆನಪಾಯಿತು. ಅಮ್ಮಿ ಶಾವಿಗೆಯನ್ನು ಸುರಿಯುವುದಿಲ್ಲ, ಬೆರಳಲ್ಲಿ ಬಿಡಿಸುತ್ತ ಉದುರಿಸುತ್ತಾಳೆ. ಈ ಸಲ ಎಳೆಗಳನ್ನು ಬಿಡಿಸಿ, ಒಣ ಮರಳು ಸಿಮೆಂಟಿನಲ್ಲೇ ಉದುರಿಸಿದೆ. ನೀರು ಆಮೇಲೆ. ಎಳೆಯಿಲ್ಲದ್ದೊಂದು, ಎಳೆಯಿದ್ದದ್ದೊಂದು, ಎರಡು ಬಿಲ್ಲೆ ಎರಕ ಹೊಯ್ದು, ಒದ್ದೆ ಗೋಣಿತಟ್ಟು ಹೊದಿಸಿ ಬಿಟ್ಟೆವು.

ಗಟ್ಟಿಯಾದ ಮೇಲೆ ಯಮನೂರಪ್ಪ ಸುತ್ತಿಗೆ ಎತ್ತಿದ. ರಸ್ತೆಯಾಚೆಯಿಂದ ದಾದಿಮಾ ಕೂಗಿದಳು.

“ಏ ಗುಲ್ನಾಜ್! ನನ್ನ ಮುಂದ ತಂದು ಒಡೀರಿ!”

ಹೊಸ್ತಿಲಿಗೆ ಹೊತ್ತೊಯ್ದೆವು. ಎಳೆಯಿಲ್ಲದ್ದು ಒಂದೇ ಪೆಟ್ಟಿಗೆ ಎರಡು ಹೋಳಾಯಿತು. ನನ್ನದೂ ಬಿರಿಯಿತು. ಯಮನೂರಪ್ಪ ಒಂದು ತುದಿ ಹಿಡಿದು ಎತ್ತಿದ. ಇನ್ನರ್ಧ ಬೀಳಲಿಲ್ಲ. ಜಾಡಿಸಿದ. ಆಗಲೂ ಬೀಳಲಿಲ್ಲ.

“ಇದರವ್ನ, ಬಿಡವಲ್ದಲ್ಲ!”

ದಾದಿಮಾ ಬಿಲ್ಲೆಯನ್ನು ಮಡಿಲಿಗೆಳೆದುಕೊಂಡು, ಬಿರುಕಿನೊಳಗೆ ದಬ್ಬಣದ ಮೊನೆ ಆಡಿಸಿ ಎಳೆಯೊಂದನ್ನು ಮೀಟಿದಳು.

“ಯಾವ ಚೀಲದ್ದು ಇದು?” ಎಂದು ನನ್ನನ್ನು ಕೇಳಿದಳು.

“ಮಾನ್ವಿ ಅಕ್ಕಿ ಮಿಲ್ಲಿಂದು.”

“ಅದನ್ನ ಹಾಕು. ಬಿಸಿಲಿಗೆ ಬಿದ್ದ ಗೊಬ್ಬರದ ಚೀಲ ನಕ್ಕೋ, ಬ್ಯಾಡ. ಪುಡಿ ಆಗ್ತಾವ.”

“ಹಾಕಿದ್ರ ದಾಟ್ತಿಯೇನು?”

“ನಾ ಎಲ್ಲಿ ಹಂಗಂದೆ?”

ಹೊಸ ಹಾಸು ಎರಕ ಹೊಯ್ದಾಗ ಕಬ್ಬಿಣದ ಸರಳುಗಳು ಎಂದಿನಂತೆಯೇ ಇದ್ದವು. ಎಳೆಗಳು ಅವುಗಳ ಜೊತೆಗೆ. ಅಚ್ಚಿನ ಹಲಗೆ ಬಿಚ್ಚಿದ ದಿನ ಅಬ್ಬಾ ಚೀಲ ಹೇರಿದ ಕೈಗಾಡಿಯನ್ನು ಅದರ ಮೇಲೆ ಓಡಾಡಿಸಿದರು. ನೋಡುತ್ತ ನೋಡುತ್ತ ದಾದಿಮಾ ರಸ್ತೆ ದಾಟಿ ಗಟಾರದ ಅಂಚಿಗೆ ಬಂದು ನಿಂತಿದ್ದಳು.

“ಮತೀನಾ, ಗಾಡಿ ಇರ್ಲಿ, ನೀ ಹತ್ತು. ಅದಕ್ಕಿಂತ ನೀನ ದಪ್ಪ ಅದಿ.”

ಅಬ್ಬಾ ಹತ್ತಿದರು, ಕುಣಿದೂ ತೋರಿಸಿದರು.

ದಾದಿಮಾ ನನ್ನ ಹೆಗಲು ಗಟ್ಟಿಯಾಗಿ ಹಿಡಿದು ಒಂದು ಕಾಲಿಟ್ಟಳು. ಇನ್ನೊಂದನ್ನಿಟ್ಟಳು. ನಡುವೆ ನಿಂತುಬಿಟ್ಟಳು. ಹಾಸಿನ ಮೇಲೆ ಒಂದೆಳೆಯ ತುದಿ ಗಡ್ಡದ ಕೂದಲಿನಂತೆ ಹೊರಚಾಚಿತ್ತು. ಬಗ್ಗಿ, ಉಗುರಿನಲ್ಲಿ ಹಿಡಿದು ಜಗ್ಗಿದಳು. ಮತ್ತೆ ಜಗ್ಗಿದಳು.

“ಬರವಲ್ದು,” ಎಂದಳು.

ನನ್ನ ಹೆಗಲು ಬಿಟ್ಟು, ಒಳಗೆ ಹೋಗಿ ಚಾಪೆ ಬಿಡಿಸಿದಳು.